ಹೃದಯವನ್ನು ‘ಹೆಪ್ಪುಗಟ್ಟಿಸುತ್ತಾರೆ’ ಅನ್ನಬಹುದಾ? ಕ್ರಯೋ ಅಬ್ಲೇಶನ್‌ಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ. ಕೇಳಬೇಕಾಗಿರುವುದು ಒಂದೇ ಪದ, ಆದರೆ ಮನೆಯ ಕತೆ ಸ್ವಲ್ಪ ಹೇಳದೆ ವಿಧಿಯಿಲ್ಲ.

ನಾವಿರುವುದು ಪುಣೆಯ ಕೊಥ್ರೂಡ್‌ನಲ್ಲಿ. ಅಕ್ಕನ ಮಗಳಿಗೆ 11 ವರ್ಷ. ಆಡುತ್ತಿದ್ದವಳು ಇದ್ದಕ್ಕಿದ್ದಂತೆ ಕೂತುಬಿಡುತ್ತಾಳೆ. ನಾಡಿ ಹಿಡಿದರೆ ಎಣಿಸಲು ಆಗುವುದಿಲ್ಲ, ನಿಮಿಷಕ್ಕೆ 200ರ ಮೇಲೆ. ಡಾಕ್ಟರು ಕ್ರಯೋ ಅಬ್ಲೇಶನ್ ಮಾಡೋಣ ಅಂದರು, ಅಂದರೆ ಬಡಿತ ಕೆಡಿಸುವ ಹೃದಯದ ಚುಕ್ಕೆಯನ್ನು ವಿಪರೀತ ಚಳಿ ಕೊಟ್ಟು ಸಾಯಿಸುವುದು. ಆಸ್ಪತ್ರೆಯಲ್ಲಿ ಮರಾಠಿ ಹಾಳೆಯ ಜೊತೆ ಕನ್ನಡದ್ದೂ ಕೊಟ್ಟರು. ಸೊಲ್ಲಾಪುರ, ಕಲಬುರಗಿ ಕಡೆಯವರು ಇಲ್ಲಿ ಜಾಸ್ತಿ ಅಲ್ವಾ, ಅದಕ್ಕಿರಬೇಕು. ಅದರಲ್ಲಿದ್ದ ಸಾಲು ಇದು: ‘ಹೃದಯದ ಅಂಗಾಂಶವನ್ನು ಹೆಪ್ಪುಗಟ್ಟಿಸಿ ನಾಶಪಡಿಸುವ ಅಪಾಯರಹಿತ ಚಿಕಿತ್ಸೆ.’

ವಿಜಯಪುರದಿಂದ ಬಂದಿದ್ದ ಆಯಿಗೆ ಇದನ್ನೇ ಓದಿ ಹೇಳಿದೆ. (ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ. ಮರಾಠಿಯಲ್ಲಿ ಆಯಿ ಅಂದರೆ ತಾಯಿ, ಹಾಗಾಗಿ ಇಲ್ಲಿನ ನರ್ಸುಗಳು ಅವಳನ್ನೇ ಹುಡುಗಿಯ ತಾಯಿ ಅಂದುಕೊಂಡಿದ್ದು ಬೇರೆ ಕತೆ.) ಆಯಿ ಎಲೆ ಅಡಿಕೆ ಕೆಳಗಿಟ್ಟಳು. “ಎದ್ಯಾಗ ರಕ್ತ ಹೆಪ್ಪಗಟ್ಟಿದ್ರ ಮನಷ್ಯಾ ಸಾಯ್ತಾನಲ್ಲೋ ತಮ್ಮಾ. ಇವ್ರು ತಾವಾಗೇ ಗಟ್ಟಸ್ತಾರಂತೇನು?”

ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ಹೃದಯದ ಪಕ್ಕ ‘ಹೆಪ್ಪು’ ಅಂದರೆ ಕನ್ನಡದವರಿಗೆ ಮೊದಲು ನೆನಪಾಗುವುದು ಹಾರ್ಟ್ ಅಟ್ಯಾಕೇ. ಅಷ್ಟೇ ಅಲ್ಲ, ಆ ಪದದಲ್ಲಿ ಚಳಿಯೇ ಇಲ್ಲ. ಹಾಲಿಗೆ ಹಾಕುವ ಹೆಪ್ಪು ಅದು, ಬೆಚ್ಚಗಿದ್ದರೆ ಚೆನ್ನಾಗಿ ಕೂರುತ್ತದೆ, ಚಳಿಗಾಲದಲ್ಲಿ ಕೂರುವುದೇ ಇಲ್ಲ. ಮೊಸರು, ರಕ್ತ, ಮಂಜುಗಡ್ಡೆ ಮೂರಕ್ಕೂ ನಾವು ಅದನ್ನೇ ದುಡಿಸುತ್ತಿದ್ದೇವೆ. ಮರಾಠಿ ಹಾಳೆಯಲ್ಲೂ ಬಚಾವಿಲ್ಲ. ಅಲ್ಲಿ ‘ಗೋಠವಣೆ’ ಇತ್ತು, ನೀರಿಗೂ ಅದೇ, ರಕ್ತಕ್ಕೂ ಅದೇ. ‘ಘನೀಕರಿಸು’ ಅಂದರೆ ಆಯಿ ಹೆದರುವುದಿಲ್ಲ ನಿಜ, ಅರ್ಥವೇ ಆಗುವುದಿಲ್ಲವಲ್ಲ. ‘ಶೀತ ಚಿಕಿತ್ಸೆ’ ಅಂದರೆ ನೆಗಡಿಗೆ ಮದ್ದು.

ನಿಜವಾಗಿ ಆಗುವುದೇನು ಅಂತ ಡಾಕ್ಟರನ್ನೇ ಕೂರಿಸಿಕೊಂಡು ಕೇಳಿದೆ. ತೊಡೆಯ ಸಂದಿನ ರಕ್ತನಾಳದಿಂದ ಒಂದು ಸಣ್ಣ ನಳಿಗೆ ಹೃದಯದವರೆಗೆ ಹೋಗುತ್ತದೆ. ಅದರೊಳಗೆ ನೈಟ್ರಸ್ ಆಕ್ಸೈಡ್ ಹರಿಸುತ್ತಾರೆ, ಹೌದು, ಅದೇ ನಗಿಸುವ ಅನಿಲ. ತುದಿಯಲ್ಲಿ ಅದು ಹಿಗ್ಗಿ ತಣ್ಣಗಾಗುತ್ತದೆ, ಆಮೇಲೆ ನಳಿಗೆಯೊಳಗಿಂದಲೇ ವಾಪಸ್. ರಕ್ತಕ್ಕೆ ಸೇರುವುದಿಲ್ಲ. ತುದಿ ಹೃದಯದ ಗೋಡೆಗೆ ಅಂಟಿಕೊಳ್ಳುತ್ತದೆ, ಫ್ರೀಜರಿನಿಂದ ತೆಗೆದ ಐಸ್ ಟ್ರೇ ಒದ್ದೆ ಬೆರಳಿಗೆ ಅಂಟುತ್ತದಲ್ಲ, ಹಾಗೆ. ಹೃದಯ ಬಡಿಯುತ್ತಿದ್ದರೂ ಜಾರುವುದಿಲ್ಲ.

ನಮಗೆ ಪದದ ತೊಂದರೆ ಬರುವುದು ಇಲ್ಲಿ. ಕೆಲಸ ಎರಡು ಹಂತದ್ದು. ಮೊದಲು ಸೊನ್ನೆಗಿಂತ 30 ಡಿಗ್ರಿಯಷ್ಟು ಕೆಳಗೆ ಇಳಿಸಿ ನೋಡುತ್ತಾರೆ. ಆ ಜಾಗದ ಕೋಶಗಳು ಕೆಲಸ ನಿಲ್ಲಿಸುತ್ತವೆ, ಆದರೆ ಸಾಯುವುದಿಲ್ಲ. ಜಾಗ ತಪ್ಪಾಗಿದ್ದರೆ ಚಳಿ ನಿಲ್ಲಿಸಿದರಾಯಿತು, ಬೆಚ್ಚಗಾಗಿ ಮತ್ತೆ ಏಳುತ್ತವೆ. ಜಾಗ ಸರಿ ಅಂತ ಖಾತ್ರಿಯಾದ ಮೇಲೆ ಸೊನ್ನೆಗಿಂತ 70 ಡಿಗ್ರಿಗೂ ಕೆಳಗೆ, ಸಾಮಾನ್ಯವಾಗಿ ನಾಲ್ಕು ನಿಮಿಷ. ಆಗ ಅವು ಹೋದಂತೆ.

ಮಕ್ಕಳಿಗೆ ಇದು ಯಾಕೆ ಮುಖ್ಯ ಅಂದರೆ, ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಬಡಿತದ ಸಂಕೇತ ದಾಟಿಸುವ ಒಂದು ಗಂಟು ಇದೆ. 1906ರಲ್ಲಿ ಜಪಾನಿನ ವೈದ್ಯ ಸುನಾವೊ ತವಾರ ವಿವರಿಸಿದ್ದು. ನಮ್ಮ ಹುಡುಗಿಗೆ ತೊಂದರೆ ಕೊಡುತ್ತಿರುವ ಸಂಕೇತದ ದಾರಿ ಅದಕ್ಕೆ ಒತ್ತಿಕೊಂಡೇ ಇದೆ. ಪುಟ್ಟ ಹೃದಯದಲ್ಲಿ ಅಂತರ ಕೆಲವೇ ಮಿಲಿಮೀಟರ್. ಬಿಸಿಯಿಂದ ಸುಡುವ ಇನ್ನೊಂದು ವಿಧಾನದಲ್ಲಿ ಕೈ ತಪ್ಪಿ ಗಂಟು ಸುಟ್ಟರೆ ಮಗುವಿಗೆ ಜೀವನಪೂರ್ತಿ ಪೇಸ್‌ಮೇಕರ್ ಬೇಕಾಗಬಹುದು. ಚಳಿಯಲ್ಲಿ ಆ ಭಯ ತೀರಾ ಕಡಿಮೆ. ಹಾಗಂತ ‘ಅಪಾಯರಹಿತ’ ಅಲ್ಲ. ನಳಿಗೆ ಹೋದ ಕಡೆ ರಕ್ತ ಬರುವುದು, ಕಂದುವುದು ಇದ್ದೇ ಇದೆ. ಹಾಳೆಯ ಕೆಳಗೆ ‘ಶಾಶ್ವತ ಪರಿಹಾರ’ ಅಂತಲೂ ಇತ್ತು, ಅದೂ ಪೂರ್ತಿ ನಿಜವಲ್ಲ. ಅವತ್ತಿನ ಮಟ್ಟಿಗೆ ನೂರರಲ್ಲಿ 90ಕ್ಕಿಂತ ಹೆಚ್ಚು ಮಕ್ಕಳಿಗೆ ಗುಣವಾಗುತ್ತದೆ, ಆದರೆ ಸುಟ್ಟದ್ದಕ್ಕೆ ಹೋಲಿಸಿದರೆ ಚಳಿ ಕೊಟ್ಟದ್ದು ತಿಂಗಳುಗಳ ಮೇಲೆ ಮರುಕಳಿಸುವುದು ಜಾಸ್ತಿ. ಹಾಳೆ ಬರೆದವರು ‘ಅಪಾಯ ಕಡಿಮೆ’, ‘ಮರುಕಳಿಸಬಹುದು’ ಅಂತ ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು?

ಮೊದಲ ಹಂತಕ್ಕೆ ನನಗೆ ಪದ ಸಿಕ್ಕಿದೆ: ಜೋಮು. ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದೆ, ಆಮೇಲೆ ತಾನೇ ಬಿಡುತ್ತದೆ. ‘ಜೋಮು ಹಿಡಿಸಿ ನೋಡುತ್ತಾರೆ’ ಅಂದಾಗ ಆಯಿ ತಲೆ ಆಡಿಸಿದಳು. ‘ಮರಗಟ್ಟಿಸು’ ಕೂಡ ಇದೆ, ಆದರೆ ಅದು ಬಿಟ್ಟುಹೋಗುತ್ತದೆ ಅನ್ನುವ ಧೈರ್ಯ ಆ ಪದದಲ್ಲಿಲ್ಲ.

ಎರಡನೆಯದಕ್ಕೆ ಒದ್ದಾಡುತ್ತಿದ್ದೇನೆ. ಗೆಳೆಯನೊಬ್ಬ ‘ಚಳಿಬರೆ’ ಅಂದ. ಕೇಳಲು ಚಂದ, ಆದರೆ ಕೂಸುಗಳ ಹೊಟ್ಟೆಗೆ ಬರೆ ಹಾಕುವ ಹಳೆ ಪದ್ಧತಿ ಬಿಡಿಸಲು ಡಾಕ್ಟರುಗಳು ಹೆಣಗುತ್ತಿರುವಾಗ ಆ ಪದಕ್ಕೆ ಆಸ್ಪತ್ರೆಯ ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ. ‘ಚಳಿಯಿಂದ ಕಮರಿಸುವುದು’ ಅಂದರೆ? ಚಿಗುರು ಕಮರಿತು ಅಂತೀವಲ್ಲ. ಆದರೆ ಕಮರು ಅಂದಕೂಡಲೇ ಸೀದ ವಾಸನೆಯೂ ಮೂಗಿಗೆ ಬರುತ್ತದೆ.

ಅಂದಹಾಗೆ, ಅಬ್ಲೇಶನ್‌ಗೂ ನಮ್ಮ ಪಂಚಮೀ ವಿಭಕ್ತಿಯ ಇಂಗ್ಲಿಷ್ ಹೆಸರು ಅಬ್ಲೇಟಿವ್‌ಗೂ ಲ್ಯಾಟಿನ್ನಿನ ಒಂದೇ ಬೇರು, ‘ಒಯ್ದದ್ದು, ತೆಗೆದದ್ದು’ ಅಂತ ಅರ್ಥ. ಇಲ್ಲಿ ಏನನ್ನೂ ಹೊರಗೆ ತೆಗೆಯುವುದಿಲ್ಲ, ಸತ್ತ ಚುಕ್ಕೆ ಗಾಯದ ಕಲೆಯಾಗಿ ಅಲ್ಲೇ ಉಳಿಯುತ್ತದೆ. ಹಾಗಾಗಿ ‘ತೆಗೆಯುವುದು’ ಕೂಡ ಬೇಡ.

ತಿದ್ದಿ ಕೊಟ್ಟರೆ ಹಾಳೆ ಬದಲಿಸುತ್ತೇವೆ ಅಂದಿದ್ದಾರೆ. ಸದ್ಯಕ್ಕೆ ಬರೆದಿರುವುದು: ‘ತೊಂದರೆ ಕೊಡುವ ಚುಕ್ಕೆಗೆ ಮೊದಲು ಚಳಿ ಕೊಟ್ಟು ಜೋಮು ಹಿಡಿಸಿ ನೋಡುತ್ತಾರೆ. ಜಾಗ ಸರಿಯಿದ್ದರೆ ಇನ್ನೂ ಚಳಿ ಕೊಟ್ಟು ಕಮರಿಸುತ್ತಾರೆ.’ ದ್ರಾಕ್ಷಿ, ಕಾಫಿ, ತರಕಾರಿ ಬೆಳೆಯುವವರು ಇಲ್ಲಿದ್ದರೆ ಹೇಳಿ: ಬರೀ ಚಳಿಗೇ ಚಿಗುರು ಸತ್ತರೆ ನಿಮ್ಮ ಕಡೆ ಏನಂತೀರಿ?