ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುವುದೇಕೆ?

ಪ್ರಶ್ನೆ (ರೈತ, ಸಿಂಧನೂರು ತಾಲ್ಲೂಕು):
ಸರ್, ಹೊಂಡದಾಗ ಕಟ್ಲಾ, ರೋಹು ಬಿಟ್ಟೀನ್ರಿ. ಈ ವಾರ ನಸುಕಿನ್ಯಾಗ ಎಲ್ಲಾ ಮೀನು ಮ್ಯಾಲ ಬಂದು ಬಾಯಿ ತೆಗೀತಾವು, ಬಿಸಿಲೇರಿದ ಮ್ಯಾಲ ತಳಕ್ಕ ಹೋಗ್ತಾವು. ಹಸಿವೇನ್ರಿ? ತೌಡು ಜಾಸ್ತಿ ಹಾಕ್ಲೇನು? ಕಾಲುವಿ ನೀರಿನ ಜೋಡಿ ಬಂದ ಕೊರಮೀನು ಮಾತ್ರ ಆರಾಮ ಅದಾವು.

ಉತ್ತರ (ಮೀನು ಕೃಷಿ ತಜ್ಞ):
ಹಸಿವಲ್ಲ ಯಜಮಾನ್ರೇ, ಉಸಿರು ಸಾಲುತ್ತಿಲ್ಲ. ತೌಡು, ಗೊಬ್ಬರ ಎರಡನ್ನೂ ಇವತ್ತೇ ನಿಲ್ಲಿಸಿರಿ.

ಮೀನಿನ ಕಿವಿರು ಮುಚ್ಚಳ ಎತ್ತಿ ನೋಡಿರಿ. ಒಂದೊಂದು ಬದಿಗೆ ನಾಲ್ಕು ಮೂಳೆ ಕಮಾನು, ಪ್ರತಿ ಕಮಾನಿಗೆ ಬಾಚಣಿಕೆ ಹಲ್ಲಿನಂತೆ ಎರಡು ಸಾಲು ಕೆಂಪು ಎಳೆ. ಆ ಎಳೆಗಳ ಮೇಲಿನ ಅತಿ ತೆಳು ಪದರಗಳಲ್ಲೇ ಉಸಿರಾಟ ನಡೆಯುವುದು. ಬಾಯಿಂದ ಎಳೆದುಕೊಂಡ ನೀರು ಈ ಪದರಗಳನ್ನು ಸವರಿ ಮುಚ್ಚಳದಿಂದ ಹೊರಬೀಳುತ್ತದೆ. ಪದರದೊಳಗಿನ ರಕ್ತ ಹರಿಯುವುದು ನೀರಿಗೆ ಎದುರು ದಿಕ್ಕಿನಲ್ಲಿ. ಹಾಗಾಗಿ ದಾರಿಯುದ್ದಕ್ಕೂ ರಕ್ತಕ್ಕಿಂತ ನೀರಿನಲ್ಲೇ ಆಮ್ಲಜನಕ ತುಸು ಹೆಚ್ಚಿರುತ್ತದೆ, ಕೊನೆಯವರೆಗೂ ರಕ್ತ ಅದನ್ನು ಹೀರುತ್ತಲೇ ಇರುತ್ತದೆ. ನೀರಿನ ಆಮ್ಲಜನಕದಲ್ಲಿ ಶೇ 80ರವರೆಗೂ ತೆಗೆಯಬಲ್ಲ ಮೀನುಗಳಿವೆ. ನಮ್ಮ ಶ್ವಾಸಕೋಶ ಗಾಳಿಯಿಂದ ತೆಗೆಯುವುದು ಶೇ 25ರ ಆಸುಪಾಸು. ಎಂಥ ಅದ್ಭುತ ರಚನೆ ನೋಡಿರಿ!

ಆದರೆ ನೀರಿನಲ್ಲೇ ಇಲ್ಲದ್ದನ್ನು ಕಿವಿರು ಎಲ್ಲಿಂದ ತಂದೀತು? 30 ಡಿಗ್ರಿ ಬಿಸಿಯ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದೇ ಲೀಟರಿಗೆ 7.5 ಮಿಲಿಗ್ರಾಂ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ತಾನೂ ಅದನ್ನೇ ಉಸಿರಾಡುತ್ತದೆ. ತಳದಲ್ಲಿ ಕೊಳೆಯುವ ತೌಡೂ ಪಾಲು ಕೇಳುತ್ತದೆ. ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ತೀರಾ ಇಳಿದಿರುತ್ತದೆ; ಗಾಳಿ ತಾಗುವ ಮೇಲ್ಪದರದಲ್ಲಷ್ಟೇ ಚೂರು ಉಳಿದಿರುತ್ತದೆ. ಮೀನು ಬಾಯಿ ಮೇಲೆ ಮಾಡುವುದು ಅದಕ್ಕೇ.

ನಡುರಾತ್ರಿ ದಾಟಿದ ಮೇಲೆ ಬೆಳಗಾಗುವವರೆಗೆ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಓಡಿಸಿರಿ. ಇಲ್ಲದಿದ್ದರೆ ಪಂಪಿನ ನೀರನ್ನು ಎತ್ತರದಿಂದ ಚಿಮ್ಮಿ ಬೀಳುವಂತೆ ಬಿಡಿರಿ. ಮೊಣಕೈವರೆಗೆ ಕೈ ಮುಳುಗಿಸಿದಾಗ ಹಸಿರಿನಲ್ಲಿ ಅಂಗೈ ಕಾಣದಿದ್ದರೆ ಪಾಚಿ ಮಿತಿಮೀರಿದೆ.

ಕೊರಮೀನಿಗೆ ಕಿವಿರಿನ ಮೇಲ್ಗಡೆ ತಲೆಯಲ್ಲಿ ಗಾಳಿ ತುಂಬಿಕೊಳ್ಳುವ ಕೋಣೆ ಬೇರೆ ಇದೆ. ಮೇಲೆ ಬರದಂತೆ ಬಲೆ ಕಟ್ಟಿದರೆ ಅದು ನೀರೊಳಗೇ ಉಸಿರುಗಟ್ಟಿ ಸಾಯುತ್ತದೆ.

ಪ್ರಶ್ನೆ (ವಿದ್ಯಾರ್ಥಿನಿ, ಗಂಗಾವತಿ):
ಗಾಳಿಯೊಳಗ ಆಮ್ಲಜನಕ ಬಾಳ ಐತಲ್ರಿ ಸರ್, ಹಂಗಿದ್ರ ದಂಡಿಗೆ ತಂದ ರೋಹು ಯಾಕ ಸಾಯ್ತದ?

ಉತ್ತರ:
ಒಳ್ಳೆ ಪ್ರಶ್ನೆ ಕೇಳಿದಿ ತಂಗಿ. ಆ ಪದರಗಳನ್ನು ಬಿಡಿಬಿಡಿಯಾಗಿ ಎತ್ತಿ ಹಿಡಿಯುವುದು ನೀರು. ನೀರಿಲ್ಲದಾಗ ಅವು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಆಮೇಲೆ ಒಣಗುತ್ತವೆ. ಸುತ್ತ ಎಷ್ಟೇ ಗಾಳಿಯಿದ್ದರೂ ಅದನ್ನು ಹೀರುವ ಜಾಗವೇ ಮುಚ್ಚಿಹೋಗಿರುತ್ತದೆ.

ಪ್ರಶ್ನೆ (ಮೊದಲಿನ ರೈತ):
ಇವತ್ತೇ ಪಂಪ್ ಹಚ್ತೀನ್ರಿ. ಸತ್ತದ್ದು ಸಿಕ್ರ ಏನು ನೋಡ್ಲಿ?

ಉತ್ತರ:
ಆಗಷ್ಟೇ ಸತ್ತದ್ದಾದರೆ ಕಿವಿರಿನ ಬಣ್ಣ ನೋಡಿರಿ. ಕಿವಿರು, ರಕ್ತ ಎರಡೂ ಕಂದು ಬಣ್ಣಕ್ಕೆ ತಿರುಗಿದ್ದರೆ ನೀರಿನಲ್ಲಿ ನೈಟ್ರೈಟ್ (ಮೀನಿನ ಹೊಲಸು, ಉಳಿದ ಮೇವು ಕೊಳೆತು ಹುಟ್ಟುವ ವಿಷ) ಏರಿರುವ ಸಾಧ್ಯತೆ ಹೆಚ್ಚು. ಆಗ ಏರೇಟರ್ ಒಂದರಿಂದಲೇ ಆಗುವುದಿಲ್ಲ, ಹಳೇ ನೀರು ಸ್ವಲ್ಪ ಹೊರಹಾಕಿ ಹೊಸ ನೀರು ಬಿಡಬೇಕು. ಫೋಟೋ ತೆಗೆದು ಇಲ್ಲೇ ಹಾಕಿರಿ, ನೋಡಿ ಹೇಳುತ್ತೇನೆ.