ಪದಚರ್ಚೆ: ಆಟೋಗ್ರೇಡರ್‌ಗೆ ‘ಸ್ವಯಂ ಮೌಲ್ಯಮಾಪನ’ ಎನ್ನಬಹುದೇ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ಸಿ (ಪ್ರೋಗ್ರಾಮಿಂಗ್ ಭಾಷೆ) ಲ್ಯಾಬ್ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ವಿದ್ಯಾರ್ಥಿಯ ಪ್ರೋಗ್ರಾಮನ್ನು ಕಂಪೈಲ್ ಮಾಡಿ (ಯಂತ್ರ ಓಡಿಸಬಲ್ಲ ರೂಪಕ್ಕೆ ತಂದು), ಓಡಿಸಿ, ಅಂಕ ಕೊಡುವ ತಂತ್ರಾಂಶಕ್ಕೆ, ಅಂದರೆ ಆಟೋಗ್ರೇಡರ್‌ಗೆ, ಕರಡಿನಲ್ಲಿ ‘ಸ್ವಯಂ ಮೌಲ್ಯಮಾಪನ’ ಎಂದಿದೆ, ಟೆಸ್ಟ್ ಕೇಸ್‌ಗೆ ‘ಪರೀಕ್ಷಾ ಪ್ರಕರಣ’ ಎಂದಿದೆ. ಸರಿಯೇ? ಪರದೆಯ ಮೇಲೆ ಬರುವ ಸಂದೇಶಗಳಿಗೂ ಪದ ಬೇಕು.

ಉತ್ತರ: ಮೇಡಂ, ‘ಸ್ವಯಂ ಮೌಲ್ಯಮಾಪನ’ ಬೇಡ. ತನ್ನನ್ನು ತಾನೇ ಅಳೆದುಕೊಳ್ಳುವುದು ಎಂಬ ಅರ್ಥ ಅದಕ್ಕೆ ಶಿಕ್ಷಣ ವಲಯದಲ್ಲಿ ಆಗಲೇ ನೆಲೆಯೂರಿದೆ. ‘ಡಿಜಿಟಲ್ ಮೌಲ್ಯಮಾಪನ’ವೂ ಹೊಂದದು, ಅಲ್ಲಿ ಸ್ಕ್ಯಾನ್ ಮಾಡಿದ ಉತ್ತರಪತ್ರಿಕೆ ನೋಡಿ ಅಂಕ ಹಾಕುವವರು ಅಧ್ಯಾಪಕರೇ. ‘ಯಂತ್ರ ಮೌಲ್ಯಮಾಪನ’ ಎಂದರೆ ಗೊಂದಲವಿಲ್ಲ. ಪೇಪರ್ ‘ತಿದ್ದುವುದು’ ನಮ್ಮ ರೂಢಿಯ ಮಾತಾದರೂ ಇಲ್ಲಿ ಸಲ್ಲದು, ಏಕೆಂದರೆ ಇಂಥ ತಂತ್ರಾಂಶ ಬಹುಮಟ್ಟಿಗೆ ಕೋಡನ್ನು ಓದುವುದೇ ಇಲ್ಲ. ಇನ್‌ಪುಟ್ ಕೊಟ್ಟು, ಬಂದ ಔಟ್‌ಪುಟ್ಟನ್ನು ಹೋಲಿಸುತ್ತದೆ, ಅಷ್ಟೆ.

‘ಪ್ರಕರಣ’ ಮೊಕದ್ದಮೆಯ ಮಾತು. ಟೆಸ್ಟ್ ಕೇಸ್ ಎಂದರೆ ಒಂದು ಇನ್‌ಪುಟ್ಟು, ಅದಕ್ಕೆ ಬರಬೇಕಾದ ಔಟ್‌ಪುಟ್ಟು, ಇವೆರಡರ ಜೋಡಿ. ಚಿನ್ನ ಪರೀಕ್ಷಿಸುವ ‘ಒರೆ’ ನನಗೆ ಹಿಡಿಸುತ್ತದೆ: ‘10 ಒರೆಗಳಲ್ಲಿ 7 ದಾಟಿದೆ’. ವಿದ್ಯಾರ್ಥಿಗೆ ತೋರಿಸದವು ‘ಮರೆಯ ಒರೆ’. ಕತ್ತಿಯ ಒರೆಯೊಂದಿಗೆ ಇದು ಬೆರೆಯದು, ಸಂದರ್ಭವೇ ಬಿಡಿಸಿ ಹೇಳುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಸಂದೇಶಗಳಲ್ಲಿ. ಯಂತ್ರ ಕಂಡದ್ದನ್ನಷ್ಟೇ ಪದ ಹೇಳಬೇಕು. ‘ತಪ್ಪು ಉತ್ತರ’ ಎನ್ನುವ ಕಡೆ ಎಷ್ಟೋ ಸಲ ಲೆಕ್ಕ ಸರಿಯೇ ಇರುತ್ತದೆ. ಬರಬೇಕಾದದ್ದು ‘15’; ವಿದ್ಯಾರ್ಥಿ ‘ಮೊತ್ತ = 15’ ಎಂದು ಮುದ್ರಿಸಿರುತ್ತಾನೆ. ಇಲ್ಲವೇ ಸಂಖ್ಯೆ ಕೇಳಲು ಪ್ರಿಂಟ್‌ಎಫ್‌ನಲ್ಲಿ (ಸಿ ಭಾಷೆಯ ಮುದ್ರಣ ಆದೇಶ) ಬರೆದ ಸಾಲೂ ಔಟ್‌ಪುಟ್‌ಗೆ ಸೇರಿಕೊಂಡಿರುತ್ತದೆ. ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಸಾಲಿನ ಕೊನೆಯ ಒಂದು ಖಾಲಿ ಜಾಗವೂ ಅಂಕ ಕಳೆಯುತ್ತದೆ. ದಶಮಾಂಶದಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರಬಹುದು, 0.000001ರಷ್ಟು ವ್ಯತ್ಯಾಸಕ್ಕೆ ಅವಕಾಶ ಇಡದಿದ್ದರೆ ಅದೂ ‘ತಪ್ಪು’. ಆದ್ದರಿಂದ ‘ಔಟ್‌ಪುಟ್ ಹೊಂದಲಿಲ್ಲ’ ಎನ್ನಿ. ಬಂದದ್ದು, ಬರಬೇಕಾದದ್ದು ಎರಡನ್ನೂ ಕೆಳಗೆ ತೋರಿಸಿ.

‘ಮುಗಿಯದ ಲೂಪ್’ (ಅದೇ ಸಾಲುಗಳು ಮತ್ತೆ ಮತ್ತೆ ಓಡುತ್ತಲೇ ಇರುವುದು) ಎಂಬ ಸಂದೇಶವನ್ನಂತೂ ಹಾಕಲೇಬೇಡಿ. ಯಾವುದೇ ಪ್ರೋಗ್ರಾಂ ಕೊನೆಗೊಳ್ಳುತ್ತದೆಯೇ ಎಂದು ನಿರ್ಧರಿಸುವ ಸಾರ್ವತ್ರಿಕ ವಿಧಾನ ಇಲ್ಲವೆಂದು ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿದ್ದಾನೆ. ಲೂಪ್ ಮುಗಿಯದ್ದೋ, ಬರೀ ನಿಧಾನವೋ, ಯಂತ್ರಕ್ಕೆ ಗೊತ್ತಿಲ್ಲ. ‘2 ಸೆಕೆಂಡ್ ಮಿತಿ ಮೀರಿತು, ನಿಲ್ಲಿಸಲಾಗಿದೆ’ ಎಂಬುದು ನಿಜವಾದ ಮಾತು.

ಮೆಮೊರಿ ತಪ್ಪಿನಿಂದ ಪ್ರೋಗ್ರಾಂ ನಿಂತಾಗ ಬರುವ ‘ಸೆಗ್ಮೆಂಟೇಶನ್ ಫಾಲ್ಟ್’ ಹಾಗೇ ಇರಲಿ, ವಿದ್ಯಾರ್ಥಿ ಹುಡುಕುವುದು ಆ ಹೆಸರಿನಲ್ಲೇ. ‘ತನ್ನದಲ್ಲದ ಮೆಮೊರಿಗೆ ಕೈಹಾಕಿದೆ, ಅರೇ ಸೂಚ್ಯಂಕ, ಪಾಯಿಂಟರ್ ನೋಡಿ’ ಎಂದು ಪಕ್ಕದಲ್ಲಿ ಒಂದು ಸಾಲು ಸೇರಿಸಿ.