ಸ್ಕ್ಯಾಟರಿಂಗ್‌ಗೆ ಚದುರಿಕೆ ಸರಿ, ಡಿಸ್ಪರ್ಶನ್‌ಗೆ ಏನನ್ನೋಣ?

ಎಲ್ರಿಗೂ ನಮಸ್ಕಾರ. ಫೈಬರ್ ಲೈನ್ ಕೆಲಸಕ್ಕೆ ಸೇರ್ಕೊಳ್ಳೋ ಐಟಿಐ ಹುಡುಗರಿಗೋಸ್ಕರ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೀತಿದೀನಿ, ಗಾಜಿನ ಎಳೆಯೊಳಗೆ ಬೆಳಕು ಹೇಗೆ ಹೋಗುತ್ತೆ, ದಾರೀಲಿ ಅದಕ್ಕೆ ಏನೇನಾಗುತ್ತೆ ಅಂತ. ಪ್ರತಿಫಲನ, ವಕ್ರೀಭವನ, ಪೂರ್ಣ ಆಂತರಿಕ ಪ್ರತಿಫಲನ ಇವೆಲ್ಲ ಹೈಸ್ಕೂಲಲ್ಲೇ ಕೇಳಿರ್ತಾರೆ, ಅಲ್ಲಿ ತೊಂದ್ರೆ ಇಲ್ಲ. ತೊಂದ್ರೆ ಇರೋದು ಸ್ಕ್ಯಾಟರಿಂಗ್ (ಬೆಳಕು ದಿಕ್ಕಾಪಾಲಾಗೋದು) ಮತ್ತೆ ಡಿಸ್ಪರ್ಶನ್ (ಒಟ್ಟಿಗೆ ಹೊರಟ ಬೆಳಕು ಹಿಂದೆ ಮುಂದೆ ತಲುಪೋದು) ಹತ್ರ. ಕನ್ನಡದ ವಿಜ್ಞಾನ ಬರಹಗಳಲ್ಲಿ ಎರಡಕ್ಕೂ ಚದುರಿಕೆ, ಪ್ರಸರಣ, ಹರಡುವಿಕೆ ಅಂತ ಒಬ್ಬೊಬ್ರು ಒಂದೊಂದು ಥರ ಬರೀತಾರೆ. ಆಕಾಶ ಯಾಕೆ ನೀಲಿ ಅಂತ ಹೇಳೋಕೆ ಇದು ನಡೆದುಹೋಗಬಹುದು, ಆದ್ರೆ ಫೈಬರ್ ವಿಷಯದಲ್ಲಿ ನಡೆಯಲ್ಲ, ಯಾಕಂದ್ರೆ ಇಲ್ಲಿ ರೋಗವೂ ಬೇರೆ ಮದ್ದೂ ಬೇರೆ.

ಮೊದಲು ಸ್ಕ್ಯಾಟರಿಂಗ್. ಕಾಯಿಸಿದ ಗಾಜು ತಣ್ಣಗಾಗಿ ಗಟ್ಟಿಯಾಗುವಾಗ ಒಳಗೆ ಸಾಂದ್ರತೆ ಎಲ್ಲಾ ಕಡೆ ಒಂದೇ ಸಮ ಇರಲ್ಲ, ಅಲ್ಲಲ್ಲಿ ತೀರಾ ಸಣ್ಣ ಏರುಪೇರು ಹಾಗೇ ಉಳ್ಕೊಂಡುಬಿಡುತ್ತೆ, ಬೆಳಕು ಅದನ್ನ ಹಾದು ಹೋಗುವಾಗ ಸ್ವಲ್ಪ ಸ್ವಲ್ಪವಾಗಿ ಎಲ್ಲಾ ದಿಕ್ಕಿಗೂ ಹೋಗಿಬಿಡುತ್ತೆ. ಇದು ರ್‍ಯಾಲೆ ಸ್ಕ್ಯಾಟರಿಂಗ್. ತರಂಗದೂರ ಜಾಸ್ತಿ ಆದಷ್ಟೂ ಇದು ತುಂಬಾ ಬೇಗ ಕಡಿಮೆ ಆಗುತ್ತೆ, ತರಂಗದೂರ ಎರಡು ಪಟ್ಟಾದ್ರೆ ಸ್ಕ್ಯಾಟರಿಂಗ್ ಹದಿನಾರರಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ, ಅದಕ್ಕೇ ದೂರದ ಲೈನ್‌ಗಳಲ್ಲಿ ಕಣ್ಣಿಗೆ ಕಾಣದ 1550 ನ್ಯಾನೋಮೀಟರ್ ಅವಗೆಂಪು ಬೆಳಕು ಬಳಸೋದು. ಅಲ್ಲಿ ಲಾಸ್ ಕಿಲೋಮೀಟರಿಗೆ ಸುಮಾರು 0.2 ಡೆಸಿಬಲ್, ಅಂದ್ರೆ 15 ಕಿ.ಮೀ. ಹೋದ್ಮೇಲೂ ಅರ್ಧ ಬೆಳಕು ಉಳಿದಿರುತ್ತೆ. 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಹಾಕ್‌ಹ್ಯಾಮ್ ಅನ್ನೋ ಸಂಶೋಧಕರು ಲಾಸ್‌ನ ಕಿಲೋಮೀಟರಿಗೆ 20 ಡೆಸಿಬಲ್‌ಗೆ ಇಳಿಸಿದ್ರೆ ಸಾಕು ಗಾಜಿನ ಎಳೆ ದೂರಸಂಪರ್ಕಕ್ಕೆ ಆಗುತ್ತೆ ಅಂದಿದ್ರು, ಅಲ್ಲಿಂದ ಇಲ್ಲಿಗೆ ಬಂದಿದೀವಿ ಅನ್ನೋದು ನನಗೆ ಈಗಲೂ ದೊಡ್ಡ ಆಶ್ಚರ್ಯ.

ಇದಕ್ಕೆ ಚದುರಿಕೆ ಅನ್ನೋದೇ ಸರಿ ಅಂತ ನನ್ನ ಅಭಿಪ್ರಾಯ. ಗುಂಪು ಚದುರಿತು ಅಂದಾಗ ಒಬ್ಬೊಬ್ರು ಒಂದೊಂದು ದಿಕ್ಕಿಗೆ ಹೋದ್ರು ಅನ್ನೋ ಅರ್ಥ ತಾನಾಗೇ ಬರುತ್ತೆ, ಇಲ್ಲಿ ಬೇಕಾಗಿರೋದೂ ಅದೇ. ಹಿಂದಕ್ಕೆ ಚದುರಿ ಬರೋ ಬೆಳಕು ಅಂತ ಹೇಳಿದ್ರೆ, ಫೈಬರ್ ಎಲ್ಲಿ ಕಟ್ ಆಗಿದೆ ಅಂತ ಹುಡುಕೋ ಓಟಿಡಿಆರ್ ಮಷೀನಿನ ಕೆಲಸಾನೂ ಕನ್ನಡದಲ್ಲೇ ಸಲೀಸಾಗಿ ವಿವರಿಸಬಹುದು. ಕೇಬಲ್ ಎಲ್ಲೋ ಕಟ್ ಆಗಿದೆ, ಒಂದು ತುದಿಯಿಂದ ಚಿಕ್ಕ ಪಲ್ಸ್, ಅಂದ್ರೆ ಕ್ಷಣಮಾತ್ರದ ಬೆಳಕು ಬಿಡ್ತಾರೆ, ಚದುರಿ ವಾಪಸ್ ಬರೋ ಬೆಳಕನ್ನ ಮಷೀನ್ ಅಳೀತಾ ಹೋಗುತ್ತೆ, ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ., ಹಾಗಾಗಿ ಹತ್ತಿರ ಹತ್ತಿರ 120 ಮೈಕ್ರೋಸೆಕೆಂಡ್ ಆದ್ಮೇಲೆ ಬರೋದು ನಿಂತುಹೋಯ್ತು ಅಂದ್ರೆ 12ನೇ ಕಿಲೋಮೀಟರ್ ಆಸುಪಾಸಲ್ಲಿ ಕಟ್ ಆಗಿದೆ ಅಂತ. ಲಾಸ್ ಮಾಡೋ ಚದುರಿಕೆಯೇ ಕಟ್ ಆಗಿರೋ ಜಾಗಾನೂ ತೋರಿಸುತ್ತೆ, ಹುಡುಗರಿಗೆ ಇದನ್ನ ಹೇಳೋಕೆ ನನಗೆ ತುಂಬಾ ಇಷ್ಟ.

ಇದೇ ಕಾರಣಕ್ಕೆ ರಾಮನ್ ಪರಿಣಾಮ ಅನ್ನೋದರ ಜೊತೆಗೆ ರಾಮನ್ ಚದುರಿಕೆ ಅಂತಾನೂ ಬರೀಬೇಕು ಅನ್ಸುತ್ತೆ. ಪರಿಣಾಮ ಅಂದಾಗ ಬೆಳಕಿಗೆ ಏನಾಯ್ತು ಅಂತ ಗೊತ್ತೇ ಆಗಲ್ಲ. 1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ ಕಂಡಿದ್ದನ್ನ ರಾಮನ್ ಮಾರ್ಚ್ 16ಕ್ಕೆ ಬೆಂಗಳೂರಿನಲ್ಲಿ ಭಾಷಣ ಮಾಡಿ ವಿವರಿಸಿದ್ರು, ಚದುರಿದ ಬೆಳಕಿನಲ್ಲಿ ಒಂದು ತೀರಾ ಸಣ್ಣ ಪಾಲು ತರಂಗದೂರ ಬದಲಾಯಿಸ್ಕೊಂಡು ಬರುತ್ತೆ ಅನ್ನೋದೇ ಅದರ ತಿರುಳು. ಇವತ್ತು ಸುರಂಗಗಳಲ್ಲಿ ಬೆಂಕಿ ಗೊತ್ತುಮಾಡೋಕೆ ಉದ್ದಕ್ಕೂ ಫೈಬರ್ ಎಳೆದು, ಆ ಪಾಲನ್ನೇ ಅಳೆದು ಯಾವ ಮೀಟರಲ್ಲಿ ಎಷ್ಟು ಬಿಸಿ ಅಂತ ಹೇಳ್ತಾರೆ.

ಈಗ ಡಿಸ್ಪರ್ಶನ್. ಇಲ್ಲಿ ಬೆಳಕು ಎಲ್ಲೂ ಕಳೆದುಹೋಗಲ್ಲ, ಪೂರ್ತಿ ಆ ತುದಿಗೆ ತಲುಪುತ್ತೆ, ಆದ್ರೆ ಒಟ್ಟಿಗೆ ತಲುಪಲ್ಲ. ಲೇಸರ್ ಬೆಳಕಲ್ಲೂ ಒಂಚೂರು ಬೇರೆ ಬೇರೆ ತರಂಗದೂರ ಇರುತ್ತೆ, ಗಾಜಿನಲ್ಲಿ ಅವುಗಳ ವೇಗ ಬೇರೆ ಬೇರೆ, ಹಾಗಾಗಿ ಪಲ್ಸ್ ಅಗಲ ಆಗ್ತಾ ಹೋಗುತ್ತೆ. ಸಾಮಾನ್ಯ ಸಿಂಗಲ್ ಮೋಡ್ (ಬೆಳಕಿಗೆ ಒಂದೇ ದಾರಿ ಇರೋ) ಫೈಬರಲ್ಲಿ 1550 ನ್ಯಾನೋಮೀಟರ್ ಹತ್ರ ಇದು 1 ನ್ಯಾನೋಮೀಟರ್ ಅಗಲದ ಬೆಳಕಿಗೆ ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್, 100 ಕಿ.ಮೀ.ಗೆ 1700. ಸೆಕೆಂಡಿಗೆ 10 ಗಿಗಾಬಿಟ್ ಕಳಿಸೋ ಲೈನಲ್ಲಿ ಒಂದು ಬಿಟ್‌ಗೆ ಸಿಗೋದೇ 100 ಪಿಕೋಸೆಕೆಂಡ್, ಅಂದ್ರೆ ಒಂದರ ಮೇಲೊಂದು ಬಿದ್ದು ಏನೂ ಓದೋಕಾಗಲ್ಲ. ದಾರೀಲಿ ಆಂಪ್ಲಿಫೈಯರ್ ಹಾಕಿದ್ರೆ ಚದುರಿಕೆಯಿಂದ ಆದ ಲಾಸ್ ತುಂಬಬಹುದು, ಈ ತೊಂದ್ರೆ ಮಾತ್ರ ಹಾಗೇ ಇರುತ್ತೆ. ಎರಡಕ್ಕೂ ಒಂದೇ ಪದ ಹಾಕಿದ್ರೆ ಹುಡುಗ ಪವರ್ ಸಾಲದು ಅಂದ್ಕೊಂಡು ಇಲ್ಲದ ಲಾಸ್ ಹುಡುಕ್ತಾ ಕೂತ್ಕೋತಾನೆ.

ಶಾಲೆ ಪುಸ್ತಕದ ವರ್ಣವಿಭಜನೆ ಪ್ರಿಸಮ್‌ಗೆ, ಕಾಮನಬಿಲ್ಲಿಗೆ ಚೆನ್ನಾಗಿದೆ. ಇಲ್ಲಿ ಬಣ್ಣವೇ ಕಾಣಲ್ಲ. ಅದೂ ಅಲ್ದೆ ಮಲ್ಟಿಮೋಡ್ ಫೈಬರಲ್ಲಿ ಒಂದೇ ತರಂಗದೂರದ ಬೆಳಕು ಬೇರೆ ಬೇರೆ ದಾರಿ ಹಿಡಿದು ಹಿಂದೆ ಮುಂದೆ ತಲುಪೋದಕ್ಕೂ ಡಿಸ್ಪರ್ಶನ್ ಅಂತಾನೇ ಹೆಸರು, ಅಲ್ಲಿ ವರ್ಣ ಎಲ್ಲಿಂದ ತರೋದು. ಪ್ರಸರಣ ಅಂದ್ರೆ ಪತ್ರಿಕೆ ಪ್ರಸರಣ, ರೇಡಿಯೋ ಪ್ರಸಾರ ನೆನಪಾಗುತ್ತೆ, ಬೆಳಕು ಸುಮ್ನೆ ಸಾಗೋದಕ್ಕೂ ಅದನ್ನೇ ಬಳಸ್ತೀವಿ.

ನನಗೆ ಹೊಳೆದಿರೋದು ಹರವು. ಕಣದಲ್ಲಿ ರಾಗಿ ಹರವೋದು ಅಂತೀವಲ್ಲ, ಏನೂ ಕಳೆದುಹೋಗಲ್ಲ, ಒತ್ತಾಗಿದ್ದಿದ್ದು ಅಗಲ ಆಗುತ್ತೆ ಅಷ್ಟೆ. ಆದ್ರೆ ನಾಮಪದವಾಗಿ ಹರವು ಅಂದ್ರೆ ವಿಸ್ತಾರ ಅನ್ನೋ ಅರ್ಥವೇ ಹೆಚ್ಚು, ನದಿಯ ಹರವು, ವಿಷಯದ ಹರವು ಅಂತೆಲ್ಲ. ಪಲ್ಸ್ ಹರವು ಅಂದ್ರೆ ಪಲ್ಸ್ ಎಷ್ಟು ಅಗಲ ಇದೆ ಅಂತ ತಿಳ್ಕೊಂಡುಬಿಡ್ತಾರಾ, ಅಥವಾ ಅಗಲ ಆಗೋ ಕ್ರಿಯೆ ಅಂತ ಗೊತ್ತಾಗುತ್ತಾ? ಹರವಿಕೆ ಅಂತ ಮಾಡಿದ್ರೆ ಕಿವಿಗೆ ಒಗ್ಗುತ್ತಾ? ಕನ್ನಡ ಮೀಡಿಯಮ್‌ನಲ್ಲಿ ಭೌತಶಾಸ್ತ್ರ ಪಾಠ ಮಾಡಿರೋರು, ಆಮೇಲೆ ಹುಬ್ಬಳ್ಳಿ, ಕಲಬುರಗಿ ಕಡೆ ಲೈನ್ ಮೇಲೆ ಕೆಲಸ ಮಾಡೋರು ದಯವಿಟ್ಟು ಹೇಳಿ, ನಿಮ್ಮ ಕಡೆ ಈ ಹರವು ಅನ್ನೋ ಮಾತು ಬಳಕೇಲಿದೆಯಾ ಇಲ್ವಾ ಅಂತಾನೂ ತಿಳಿಸಿ.